ಕಾಲು ಜೋಮು ಹಿಡಿದ್ರೆ ಎದ್ದೇಳು ಸಿಂಧು

ಸಿಂಧು, ನಮ್ಮ ಮನೆಯವರ ಗ್ರೂಪಲ್ಲಿ ನೀನು ಹಾಕಿದ ಮೆಸೇಜ್ ಬೆಳಿಗ್ಗೇನೇ ನೋಡ್ದೆ ಕಣೇ. ಟೈಪ್ ಮಾಡೋಕೆ ಕೂತ್ರೆ ನನಗೆ ಸಂಜೆ ಆಗುತ್ತೆ, ಅದಕ್ಕೆ ಮಾತಾಡ್ತಾ ಇದೀನಿ, ಈ ಫೋನೇ ಬರ್ಕೊಳ್ಳುತ್ತೆ, ತಪ್ಪಿದ್ರೆ ನೀವೇ ತಿದ್ಕೊಂಡು ಓದ್ಕೊಳ್ಳಿ. ಧ್ಯಾನಕ್ಕೆ ಕೂತ್ರೆ ಐದು ನಿಮಿಷಕ್ಕೆಲ್ಲ ಕಾಲೊಳಗೆ ಏನೋ ಹರಿದಾಡ್ದಂಗೆ ಆಗುತ್ತೆ, ಅಲ್ಲಾಡಿಸ್ದೆ ಇರೋಕಾಗಲ್ಲ, ಎದ್ದು ಓಡೋಣ ಅನ್ಸುತ್ತೆ, ಮುಂದಿನ ತಿಂಗಳು ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಬೇರೆ ಹೆಸ್ರು ಕೊಟ್ಟಿದೀನಿ, ನನಗೇನಾದ್ರೂ ಕಾಯಿಲೆನಾ ದೊಡ್ಡಮ್ಮ ಅಂತ ಕೇಳಿದೀಯ. ಅದಕ್ಕೆ ನಿಮ್ಮ ರಘು ಚಿಕ್ಕಪ್ಪ "ಹಲ್ಲು ಕಚ್ಕೊಂಡು ಕೂತ್ಕೋ, ಎಲ್ಲ ಮನಸ್ಸಿಂದೇ ಆಟ" ಅಂತ ಹಾಕಿ, ಕೆಳಗೆ ಕೈ ಮುಗಿಯೋ ಚಿತ್ರ ಮೂರು. ಅದನ್ನ ನೋಡಿದ್ಮೇಲೆ ನನಗೆ ತಡೀಲಿಲ್ಲ.

ರಘು, ಹಲ್ಲು ಕಚ್ಕೊಂಡು ಕೂರೋ ಮಾತು ನನ್ನ ಮುಂದೆ ಆಡ್ಬೇಡಪ್ಪ. ನನ್ನ ಬಲಗಾಲಿನ ಕಥೆ ನಿಮ್ಮೆಲ್ರಿಗೂ ಗೊತ್ತು, ಅಂದ್ರೆ ಗೊತ್ತು ಅಂದ್ಕೊಂಡಿದೀರ. ಸಿಂಧು ಆಗಿನ್ನೂ ಹೈಸ್ಕೂಲು. ನನಗೆ ಟೈಫಾಯ್ಡ್ ಬಂದು ಬಿಟ್ಟು, ಬ್ಲೌಸೆಲ್ಲ ದೊಗಳೆ ಆಗಿ, ಕೈಬಳೆ ಮೊಣಕೈವರೆಗೂ ಜಾರ್ತಿದ್ದ ಕಾಲ. ಹಿಂದಿನ ಬೀದಿ ಲಲಿತಮ್ಮ ಬಂದು, ಅಕ್ಕ ಮನೇಲಿ ಒಬ್ರೇ ಕೂತು ಏನ್ ಮಾಡ್ತೀರ, ಕಲ್ಯಾಣ ಮಂಟಪದಲ್ಲಿ ಧ್ಯಾನ ಶಿಬಿರ ಇದೆ ಬನ್ನಿ ಅಂತ ಕರ್ಕೊಂಡ್ಹೋದ್ರು. ಯಾವ ಶಿಬಿರ, ಯಾರು ನಡೆಸಿದ್ದು ಅಂತೆಲ್ಲ ಹೇಳಲ್ಲ, ಅದು ಬೇಡ. ಹೇಳ್ಕೊಡೋಕೆ ನಿಂತಿದ್ದವನು ನಮ್ಮ ಪ್ರಶಾಂತನ ವಯಸ್ಸಿನ ಹುಡುಗ, ಬಿಳಿ ಜುಬ್ಬ, ಮೈಕು. ಬರೀ ಜಮಖಾನ, ಕೆಳಗೆ ಮಾರ್ಬಲ್ಲು. ಅರ್ಧ ಪದ್ಮಾಸನ ಹಾಕಿ, ನೋವು ಬಂದ್ರೂ ಅಲ್ಲಾಡ್ಬೇಡಿ, ಅಲ್ಲಾಡಿದ್ರೆ ಕೂಡಿಸಿಟ್ಟ ಶಕ್ತಿಯೆಲ್ಲ ಸೋರಿ ಹೋಗುತ್ತೆ ಅಂದ. ಮೊದಮೊದಲು ಸೂಜಿ ಚುಚ್ಚಿದಂಗೆ, ಆಮೇಲೆ ಜೋಮು, ಆಮೇಲೆ ಕಾಲೇ ಇಲ್ಲ. ನಾನು ಕಣ್ಣು ಬಿಟ್ಟು, ಅಪ್ಪಾ ಕಾಲು ಗೊತ್ತೇ ಆಗ್ತಿಲ್ಲ ಅಂದೆ. ಅವನು ನಗ್ತಾ, ನೋವು ಹೋಯ್ತಲ್ಲ ಅಮ್ಮ, ದೇಹ ದಾಟಿದ್ರಿ ಅಂತ ಹೇಳ್ಬೇಕಾ! ದಿನಾ ಹೀಗೇ, ಶಿಬಿರ ಮುಗಿಯೋವರ್ಗೂ.

ಕೊನೇ ದಿನ ಮಂಗಳಾರತಿ ಆಗಿ ಪ್ರಸಾದದ ದೊನ್ನೆ ಹಿಡ್ಕೊಂಡು ಮೆಟ್ಟಿಲಿಳಿದು ಆಟೋ ಸ್ಟ್ಯಾಂಡಿನವರ್ಗೂ ಬಂದಿದೀನಿ, ಲಲಿತಮ್ಮ ಹಿಂದಿಂದ ಕೂಗ್ತಾರೆ, ಅಕ್ಕ, ನಿಮ್ಮ ಒಂದು ಚಪ್ಪಲಿ ಇಲ್ಲೇ ಇದೆ ಅಂತ. ನೋಡಿದ್ರೆ ಬಲಗಾಲು ಬರಿಗಾಲು. ಚಪ್ಪಲಿ ಯಾವಾಗ ಕಳಚ್ತು, ಟಾರು ರಸ್ತೆ ಯಾವಾಗ ತಾಗ್ತು, ಒಂದೂ ಗೊತ್ತಾಗಿಲ್ಲ ನನಗೆ. ಮನೆಗೆ ಬಂದು ಹೊಸ್ತಿಲು ದಾಟೋವಾಗ ಬೆರಳು ತಗುಲಿ ಮುಗ್ಗರಿಸ್ದೆ. ಮಂಚದ ಮೇಲೆ ಕೂತು ಹೆಬ್ಬೆರಳು ಮೇಲಕ್ಕೆತ್ತೋಣ ಅಂದ್ರೆ ಅದು ನನ್ನ ಮಾತೇ ಕೇಳ್ತಿಲ್ಲ, ಪಾದ ಪೂರ್ತಿ ಕೆಳಗೇ ಜೋತಾಡ್ತಿದೆ. ನಡೆದ್ರೆ ಟಪ್ ಟಪ್ ಅಂತ ಪಾದ ನೆಲಕ್ಕೆ ಬಡಿಯೋದು, ಪಕ್ಕದ ರೂಮಿಗೂ ಕೇಳ್ಸೋದು. ನಿಮ್ಮ ದೊಡ್ಡಪ್ಪ ಸ್ಟ್ರೋಕೇ ಆಯ್ತು ಅಂತ ಬೆವೆತುಬಿಟ್ರು, ಅಂಗಿ ಗುಂಡಿ ಸರಿಯಾಗಿ ಹಾಕ್ಕೊಳ್ದೇ ಆಸ್ಪತ್ರೆಗೆ ಕರ್ಕೊಂಡ್ಹೋದ್ರು.

ಅಲ್ಲಿ ನರದ ಡಾಕ್ಟ್ರು ಒಳ್ಳೆಯವ್ರು. ಮೊಣಕಾಲಿನ ಹೊರಗಡೆ, ಸ್ವಲ್ಪ ಕೆಳಗೆ, ಗುಂಡಗೆ ಒಂದು ಮೂಳೆ ಸಿಗುತ್ತಲ್ಲ, ಮುಟ್ಟಿ ನೋಡ್ಕೊಳ್ಳಿ ಎಲ್ರೂ, ಅಲ್ಲಿ ಬೆರಳಿಂದ ತಟ್ಟಿದ್ರು, ಪಾದದ ಮೇಲ್ಗಡೆವರ್ಗೂ ಶಾಕ್ ಹೊಡ್ದಂಗಾಯ್ತು. ಪೆರೋನಿಯಲ್ ಅಂತ ನರ ಅಂತೆ, ಆ ಮೂಳೆ ಮೇಲೇ ಸುತ್ಕೊಂಡು ಹೋಗುತ್ತೆ, ಮೇಲೆ ಚರ್ಮ ಬಿಟ್ರೆ ಹೆಚ್ಚೇನೂ ಕಾಪಾಡೋಕಿಲ್ಲ. ಜ್ವರದಲ್ಲಿ ತೂಕ ಇಳಿದು ಅಲ್ಲಿದ್ದ ಚೂರು ಕೊಬ್ಬೂ ಕರಗಿತ್ತು, ಕಾಲು ಮಡಚಿ ಗಟ್ಟಿ ನೆಲದ ಮೇಲೆ ಗಂಟೆಗಟ್ಲೆ ಕೂತು ನರ ಅದುಮ್ಕೊಂಡಿದೆ, ಇದಕ್ಕೆ ಫುಟ್ ಡ್ರಾಪ್ ಅಂತಾರೆ ಅಂದ್ರು. ಹೊಲದಲ್ಲಿ ದಿನಗಟ್ಲೆ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡೋರಿಗೂ ಆಗುತ್ತಂತೆ. ಕಾಲಿಗೆ ಕರೆಂಟು ಕೊಟ್ಟು ಟೆಸ್ಟು, ಶೂ ಒಳಗೆ ಹಾಕ್ಕೊಳ್ಳೋ ಪ್ಲಾಸ್ಟಿಕ್ ಪಟ್ಟಿ, ಫಿಜಿಯೋಥೆರಪಿ. ಕಾಲ ಮೇಲೆ ಕಾಲು ಹಾಕಿ ಕೂರೋದು ಬಂದ್. ಪುಣ್ಯಕ್ಕೆ ನರ ಕಿತ್ತಿರ್ಲಿಲ್ಲ, ಬರೀ ಅದುಮಿತ್ತು, ನಿಧಾನಕ್ಕೆ ಬಂತು. ಎಷ್ಟೋ ತಿಂಗಳಾದ್ಮೇಲೆ ಒಂದಿನ ಬಚ್ಚಲಲ್ಲಿ ಹೆಬ್ಬೆರಳು ಚೂರೇ ಚೂರು ಮೇಲೆದ್ದಿದ್ದು ನೋಡಿ ಒಬ್ಳೇ ಕೂತು ಅತ್ತಿದೀನಿ.

ಅದಕ್ಕೇ ಹೇಳ್ತೀನಿ ಸಿಂಧು, ಕಾಲು ಜೋಮು ಹಿಡಿದ್ಮೇಲೂ ಅಲ್ಲಾಡ್ದೆ ಕೂರ್ಬೇಡ. ಯಾರೇ ಹೇಳ್ಲಿ. ಸುಮ್ನೆ ಜೋಮು ಎಲ್ರಿಗೂ ಬರುತ್ತೆ, ಎದ್ದು ನಾಕು ಹೆಜ್ಜೆ ಹಾಕಿದ್ರೆ ಹೋಗುತ್ತೆ, ಅದಕ್ಕೇನು ಹೆದರೋದು ಬೇಡ. ಆದ್ರೆ ಸ್ಪರ್ಶಾನೇ ಹೋಗಿ, ಎದ್ದ ಮೇಲೂ ಪಾದ ಎತ್ತೋಕೆ ಬರ್ತಿಲ್ಲ ಅಂದ್ರೆ ಅದು ಸಾಧನೆ ಅಲ್ಲ ಕಣೇ, ಅವತ್ತೇ ಡಾಕ್ಟ್ರ ಹತ್ರ ಓಡ್ಬೇಕು.

ಆಗ ಇಷ್ಟು ಬುದ್ಧಿ ಹೇಳೋರು ಯಾರಿದ್ರು ನನಗೆ? ಎಲ್ರೂ ಇದ್ರಿ, ಎಲ್ರೂ ಊರಲ್ಲೇ ಇದ್ರಿ. ಒಬ್ಬರು ಬಂದು ಕಾಲು ಹೇಗಿದೆ ಅತ್ತಿಗೆ ಅಂದ್ರಾ? ಪ್ರಶಾಂತನ ಮದುವೇಲಿ ರೇಷ್ಮೆ ಸೀರೆ ಕೆಳಗೆ ಆ ದಪ್ಪ ಶೂ ಹಾಕ್ಕೊಂಡು ಬಂದಿದ್ದಕ್ಕೆ, ಫೋಟೋಗೆ ಹಿಂದಿನ ಸಾಲಲ್ಲಿ ನಿಂತ್ಕೊಳ್ಳಿ ಅಂತ ಕಳ್ಸಿದ್ರು, ಆಲ್ಬಂನಲ್ಲಿ ನನ್ನ ಅರ್ಧ ಹಣೆ ಮಾತ್ರ ಇದೆ, ಬೇಕಾದ್ರೆ ತೆಗ್ದು ನೋಡಿ. "ಅವ್ರಿಗೆ ಎಲ್ಲ ಅತಿ, ಧ್ಯಾನಾನೂ ಅತಿ" ಅಂತ ಅಡುಗೆಮನೆ ಬಾಗಿಲಲ್ಲಿ ಯಾರೋ ಅಂದಿದ್ದು ಕೂಡ ನನ್ನ ಕಿವಿಗೆ ಬಿದ್ದಿದೆ. ಕಾಲು ಹೋಗಿತ್ತು, ಕಿವಿ ಹೋಗಿರ್ಲಿಲ್ಲ.

ಇನ್ನು ಮಾವನವರ ಹಲಸಿನ ಮಣೆ ವಿಷ್ಯ. ಸಿಂಧು, ನಿಮ್ಮಜ್ಜ ಎಂಬತ್ತು ದಾಟಿದ್ಮೇಲೂ ಬೆಳಿಗ್ಗೆ ಜಪಕ್ಕೆ ಕೂರ್ತಿದ್ರು, ಬರೀ ನೆಲದ ಮೇಲೆ ಅಲ್ಲ, ಆ ಮಣೆ, ಅದರ ಮೇಲೆ ನಾಕು ಮಡಿಕೆ ಕಂಬಳಿ. ಸೊಂಟ ಮೇಲೆ, ಮಂಡಿ ಕೆಳಗೆ, ಬೆನ್ನು ತಾನಾಗೇ ನೇರ. ಕೂರೋಕೆ ಬೇಜಾರಾದ್ರೆ ಜಪಸರ ಹಿಡ್ಕೊಂಡು ತುಳಸಿಕಟ್ಟೆ ಸುತ್ತ ನಡೀತಿದ್ರು, ಎಣಿಕೆ ತಪ್ತಿರ್ಲಿಲ್ಲ. ಮನೆ ಪಾಲಾದಾಗ ಪಾತ್ರೆ ಬೇಡ, ಪಡಸಾಲೆ ಕನ್ನಡಿ ಬೇಡ, ಆ ಮಣೆ ಒಂದು ಕೊಡಿ ಅಂತ ಬಾಯಿಬಿಟ್ಟು ಕೇಳಿದ್ದೆ. ಅದೀಗ ಯಾರ ಮನೆ ಬಾಲ್ಕನೀಲಿ ಮನಿ ಪ್ಲಾಂಟ್ ಕುಂಡ ಹೊತ್ಕೊಂಡು ನೀರಲ್ಲಿ ನೆನೀತಿದೆ ಅಂತ ನಾನು ಹೇಳಲ್ಲ. ರಘು, ನಿನಗೆ ಹೇಳ್ತಿಲ್ಲಪ್ಪ, ಸಾಮಾನ್ಯವಾಗಿ ಹೇಳ್ದೆ. ಧ್ಯಾನದ ಬಗ್ಗೆ ಉಪದೇಶ ಮಾಡೋರು ಮಣೆಗೊಂದಿಷ್ಟು ಎಣ್ಣೆನಾದ್ರೂ ಹಚ್ಚಬೋದಿತ್ತು.

ಅಯ್ಯೋ, ಸಿಂಧು ಕೇಳಿದ್ದೇ ಬೇರೆ. ನಿನ್ನದು ನನ್ನ ಥರ ಜೋಮು ಅಲ್ಲ, ಹರಿದಾಡೋದು, ಅಲ್ಲಾಡಿಸ್ಬೇಕು ಅನ್ಸೋದು. ಇದೊಂದು ನೋಡ್ಕೋ: ಧ್ಯಾನಕ್ಕೆ ಕೂತಾಗ ಮಾತ್ರ ಹೀಗಾ, ಇಲ್ಲ ರಾತ್ರಿ ಹಾಸಿಗೆಗೆ ಬಿದ್ದಾಗ, ಬಸ್ಸಲ್ಲಿ ತುಂಬಾ ಹೊತ್ತು ಕೂತಾಗಲೂ ಹೀಗೇನಾ? ಸಂಜೆ ಮೇಲೆ ಜಾಸ್ತಿಯಾಗಿ, ಎದ್ದು ಓಡಾಡಿದ್ರೆ ತಕ್ಷಣ ಕಮ್ಮಿಯಾದ್ರೆ ಅದು ಮನಸ್ಸಿನ ಆಟ ಅಲ್ಲ, ರೆಸ್ಟ್‌ಲೆಸ್ ಲೆಗ್ಸ್ ಅಂತ ಕಾಯಿಲೇನೇ ಇದೆ. ಎಷ್ಟೋ ಜನಕ್ಕೆ ಅದು ಮೈಯಲ್ಲಿ ಕಬ್ಬಿಣ ಕಮ್ಮಿಯಾಗಿ ಬರುತ್ತೆ. ನಿನಗೆ ತಿಂಗಳು ತಿಂಗಳು ಎಷ್ಟು ಕಷ್ಟ ಆಗುತ್ತೆ ಅಂತ ನಿಮ್ಮಮ್ಮ ಹೇಳಿದಾಳೆ. ಬರೀ ಹಿಮೋಗ್ಲೋಬಿನ್ ನೋಡಿಸಿ ಸುಮ್ನಾಗ್ಬೇಡ, ಫೆರಿಟಿನ್ ಅಂತ ಇನ್ನೊಂದು ಟೆಸ್ಟಿದೆ, ಮೈಯಲ್ಲಿ ಕೂಡಿಟ್ಟಿರೋ ಕಬ್ಬಿಣ ಎಷ್ಟಿದೆ ಅಂತ ತೋರ್ಸುತ್ತೆ, ಅದನ್ನೂ ಬರೆಸ್ಕೋ, ಹಿಮೋಗ್ಲೋಬಿನ್ ಸರಿಯಿದ್ದೂ ಅದು ಕೆಳಗಿರ್ಬೋದು. ಹಂಗಂತ ನೀನೇ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ನುಂಗ್ಬೇಡ. ಥೈರಾಯ್ಡ್ ಜಾಸ್ತಿಯಾದ್ರೂ ಕೈ ನಡುಗಿ, ಎದೆ ಡವಡವ ಅಂದು ಕೂರೋಕಾಗಲ್ಲ. ವಾಂತಿ ನಿಲ್ಲೋಕೆ ಕೊಡೋ ಕೆಲವು ಮಾತ್ರೆ, ಮನಸ್ಸಿನ ಕಾಯಿಲೆಗೆ ಕೊಡೋ ಕೆಲವು ಮಾತ್ರೆ ತಗೊಂಡ್ರೂ ಒಳಗಿಂದ ಕುದ್ದಂಗಾಗಿ ಒಂದು ಕಡೆ ನಿಲ್ಲೋಕೆ ಬಿಡಲ್ಲ. ಏನಾದ್ರೂ ಹೊಸದು ಶುರು ಮಾಡಿದ್ರೆ ಡಾಕ್ಟ್ರಿಗೆ ಹೇಳು, ನೀನೇ ನಿಲ್ಲಿಸ್ಬೇಡ. ಆ ರಾತ್ರಿ ಹತ್ತು ಗಂಟೆ ಕಾಫಿ ಮಾತ್ರ ಇವತ್ತೇ ನಿಲ್ಸು.

ಇದ್ಯಾವುದೂ ಇಲ್ಲ ಅಂದ್ರೆ, ನೀನು ಬೆಳಿಗ್ಗೆಯಿಂದ ಲ್ಯಾಪ್‌ಟಾಪ್ ಮುಂದೆ ಕೂತು, ಮತ್ತೆ ಸಂಜೆ ಕೂತ್ಕೋ ಅಂದ್ರೆ ಕಾಲು ಕೇಳುತ್ತಾ? ಕೂರೋದೇ ಧ್ಯಾನ ಅಂತ ಯಾರು ಹೇಳಿದ್ದು. ಬುದ್ಧ ನಡೆಯೋವಾಗ, ನಿಂತಾಗ, ಕೂತಾಗ, ಮಲಗಿದಾಗ ನಾಕರಲ್ಲೂ ಎಚ್ಚರವಾಗಿರು ಅಂದಿದಾನೆ. ನಾವು ಬುದ್ಧಗಯಾಗೆ ಹೋದಾಗ ಮಹಾಬೋಧಿ ದೇವಸ್ಥಾನದ ಗೋಡೆ ಪಕ್ಕಕ್ಕೆ ಉದ್ದ ಕಟ್ಟೆ ನೋಡಿದ್ವಿ, ಮೇಲೆ ಕಲ್ಲಲ್ಲಿ ಕಮಲದ ಹೂವು ಕೆತ್ತಿದಾರೆ. ಜ್ಞಾನೋದಯ ಆದ್ಮೇಲೆ ಅಲ್ಲೇ ಒಂದು ವಾರ ಅತ್ತಿಂದಿತ್ತ ನಡೀತಾ ಧ್ಯಾನ ಮಾಡಿದ್ದ ಅಂತ ನಂಬಿಕೆ. ಬುದ್ಧನೇ ನಡೆದಿದಾನೆ, ಸಿಂಧು ನಡೆದ್ರೆ ಶಕ್ತಿ ಸೋರಿ ಹೋಗುತ್ತಾ?

ಟೆರೇಸಲ್ಲಿ ನೀರಿನ ಟ್ಯಾಂಕಿಂದ ಬಟ್ಟೆ ಹಗ್ಗದ ಕಂಬದವರ್ಗೂ ಸಾಕು ಜಾಗ. ಮೊದ್ಲು ಬಿರುಸಾಗೇ ಒಂದಷ್ಟು ಓಡಾಡು, ಮೈಯಲ್ಲಿರೋ ಚಡಪಡಿಕೆ ಖರ್ಚಾಗ್ಲಿ. ಆಮೇಲೆ ನಿಧಾನ ಮಾಡು. ಕಣ್ಣು ಮುಚ್ಬೇಡ, ನಾಕೈದು ಹೆಜ್ಜೆ ಮುಂದೆ ನೆಲ ನೋಡ್ತಿರ್ಲಿ. ಹಿಮ್ಮಡಿ ಎದ್ದಿದ್ದು, ಕಾಲು ಮುಂದೆ ಹೋಗಿದ್ದು, ಅಂಗಾಲು ನೆಲ ಮುಟ್ಟಿದ್ದು, ಅಷ್ಟೇ ಗಮನ. ಮನಸ್ಸು ಆಫೀಸಿಗೆ ಓಡಿದ್ರೆ ಬೈಬೇಡ, ಮತ್ತೆ ಅಂಗಾಲಿಗೆ ಕರ್ಕೊಂಡು ಬಾ. ಕೊನೆ ಮುಟ್ಟಿದಾಗ ಒಂದು ಉಸಿರು ನಿಂತು, ತಿರುಗು. ಕಾಲು ತಾನೇ ಸಾಕು ಅಂದಾಗ ಕುರ್ಚಿ ಮೇಲೆ ಪಾದ ಎರಡೂ ನೆಲಕ್ಕೂರಿ ಸ್ವಲ್ಪ ಹೊತ್ತು ಕೂತ್ಕೋ, ಮೊಬೈಲಲ್ಲಿ ಹತ್ತು ನಿಮಿಷ ಇಟ್ರೆ ಧಾರಾಳ. ತುರಿಕೆ ಬಂದ್ರೆ ತಕ್ಷಣ ಕೈ ಹಾಕ್ದೆ ಚೂರು ನೋಡು, ತಡೀಲಾರ್ದೆ ಹೋದ್ರೆ ಗೊತ್ತಿದ್ದುಕೊಂಡೇ ನಿಧಾನಕ್ಕೆ ತುರಿಸ್ಕೋ, ಯಾವ ದೇವ್ರೂ ಕೋಪ ಮಾಡ್ಕೊಳಲ್ಲ.

ವಿಪಶ್ಯನಕ್ಕೆ ಹೋಗ್ಬೇಡ ಅನ್ನಲ್ಲ, ನಿಮ್ಮ ದೊಡ್ಡಪ್ಪ ಹೋಗಿ ಬಂದಿದಾರೆ, ಶಿಸ್ತಾಗಿ ನಡೆಸ್ತಾರೆ. ಆದ್ರೆ ಬೆಳಗಿನ ಜಾವ ನಾಕಕ್ಕೆ ಗಂಟೆ ಹೊಡೀತಾರೆ, ದಿನಕ್ಕೆ ಹತ್ತು ಗಂಟೆಯಷ್ಟು ಧ್ಯಾನ, ನಾಕನೇ ದಿನದಿಂದ ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಭಂಗಿ ಬದಲಾಯಿಸ್ದೆ ಕೂರೋ ಪ್ರಯತ್ನ ಮಾಡಿ ಅಂತಾರೆ. ಅದಕ್ಕೇ ಫಾರಂನಲ್ಲಿ ಆರೋಗ್ಯದ ಬಗ್ಗೆ ಕೇಳೋ ಕಡೆ ಮುಚ್ಚಿಡ್ದೆ ಇದೆಲ್ಲ ಬರಿ, ಹೋದ ಮೊದಲ್ನೇ ದಿನವೇ ಟೀಚರ್ ಹತ್ರ ಹೇಳು, ಕಷ್ಟ ಇರೋರಿಗೆ ಕುರ್ಚಿ ಕೊಡ್ತಾರೆ. ಪಕ್ಕದವಳು ಪದ್ಮಾಸನದಲ್ಲಿ ಕಲ್ಲಿನಂಗೆ ಕೂತಿದ್ರೆ ಕೂತಿರ್ಲಿ. ಕಾಲು ಜೋಮು ಹಿಡೀತಾ, ಬಿಡಿಸು. ಎರಡನೇ ಸಲ ಹೇಳ್ತಿದೀನಿ, ಜೋಮು ಹಿಡಿದ ಕಾಲಿನ ಮೇಲೆ ಹಟ ಮಾಡ್ಬೇಡ.

ಬ್ಲಡ್ ಟೆಸ್ಟಿಗೆ ನಾಳೇನೇ ಹೋಗು. ರಿಪೋರ್ಟ್ ಬಂದ್ಮೇಲೆ ಈ ಗ್ರೂಪಲ್ಲಿ ಹಾಕ್ಬೇಡ, ನನ್ನ ನಂಬರಿಗೆ ಕಳ್ಸು, ಇಲ್ಲಿ ಎಲ್ರೂ ಡಾಕ್ಟ್ರೇ.