ರುಚಿ ನೋಡಿ ‘ಅಡ್ಡಿಯಿಲ್ಲ’ ಅಂದರೆ ಹೊಗಳಿದ ಹಾಗಾ?

ಮಂಡ್ಯದವಳು:
ಬಾಗಲಕೋಟೆ ನವನಗರಕ್ಕೆ ಬಂದು ಎರಡು ತಿಂಗಳಾಯಿತು. ಮೊನ್ನೆ ಬಿಸಿಬೇಳೆಬಾತ್ ಮಾಡಿ ಪಕ್ಕದ ಮನೆ ಅಜ್ಜಿಗೆ ಒಂದು ಡಬ್ಬಿ ಕೊಟ್ಟೆ. ಅಲ್ಲೇ ಎರಡು ತುತ್ತು ತಿಂದು ತಲೆ ಆಡಿಸಿ "ಅಡ್ಡಿಯಿಲ್ಲ ಬಿಡವ್ವಾ" ಅಂದರು. ನಮ್ಮ ಕಡೆ ಹಾಗಂದರೆ ಏನೋ ಪರವಾಗಿಲ್ಲ, ತಿನ್ನಬಹುದು ಅಂತ ಅರ್ಥ. ಬೆಳಿಗ್ಗೆಯಿಂದ ಕಷ್ಟಪಟ್ಟು ಮಾಡಿದ್ದಕ್ಕೆ ಇಷ್ಟೇನಾ ಅಂತ ಬೇಜಾರಾಯಿತು. ಚೆನ್ನಾಗಿರಲಿಲ್ವಾ?

ವಿಜಯಪುರದ ಅಕ್ಕ:
ಸುಮ್ನೆ ಬೇಜಾರು ಮಾಡ್ಕೋಬೇಡ ತಂಗಿ, ಅದು ಹೊಗಳಿಕೆನೇ. ನಮ್ಮ ಹಿರಿಯರು ಎದುರಿಗೆ ಹೊಗಳೋದು ಕಡಿಮೆ. ನಾನು ಹತ್ತನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದಾಗ ನಮ್ಮಪ್ಪ ಅಂಕಪಟ್ಟಿ ಮೇಲಿಂದ ಕೆಳಗೆ ಎರಡು ಸಲ ನೋಡಿ "ಅಡ್ಡಿಯಿಲ್ಲ" ಅಂದರು, ಅಷ್ಟೇ, ಆಮೇಲೆ ಚಪ್ಪಲಿ ಮೆಟ್ಟಿ ಪೇಟೆಗೆ ಹೋಗಿ ಒಂದು ಕಿಲೋ ಪೇಢೆ ತಂದು ಓಣಿಗೆಲ್ಲ ಹಂಚಿದರು. ‘ಬಿಡವ್ವಾ’ ಅಂತ ಸೇರಿಸಿದ್ದಾರೆ ಅಂದರೆ ನಿನ್ನನ್ನ ಮನೆ ಮಗಳ ಹಾಗೆ ನೋಡಿದ್ದಾರೆ.

ಗೋಕಾಕದವ:
ಅಕ್ಕಾರು ಹೇಳಿದ್ದು ಖರೆ, ಆದರೆ ಯಾವಾಗಲೂ ಹಾಗಲ್ಲ. ಹುಡುಗನ್ನ ನೋಡಿ ಬಂದವರಿಗೆ "ಹೆಂಗದಾನ?" ಅಂತ ಕೇಳಿದಾಗ "ಹ್ಞೂ... ಅಡ್ಡಿಯಿಲ್ಲ" ಅಂತ ಎಳೆದರೆ ಆ ಸಂಬಂಧ ಅರ್ಧ ಮುರಿದ ಹಾಗೇ. ತಟ್ಟನೆ ಅಂದರೆ ಒಪ್ಪಿಗೆ, ಎಳೆದರೆ ಅನುಮಾನ. ಮಾತಿಗಿಂತ ದನಿ ಕೇಳಬೇಕು. ಇನ್ನು "ನಾಳೆ ಬರ್ಲೇನ್ರಿ?" ಅಂದಾಗ "ಅಡ್ಡಿಯಿಲ್ರಿ" ಅಂದರೆ ಬರೀ ‘ಆಯ್ತು ಬನ್ನಿ’ ಅಂತ. "ಆರಾಮೇನ್ರಿ?" ಅಂದರೂ ಅದೇ ಉತ್ತರ. ಒಂದೇ ಮಾತಲ್ಲಿ ಇಡೀ ದಿನ ಕಳೀತೀವಿ ನಾವು.

ವಿಜಯಪುರದ ಅಕ್ಕ:
ಎಳೆಯೋದರ ಬಗ್ಗೆ ಹೇಳಿದ್ದು ಸರಿ ತಮ್ಮಾ. ನಮ್ಮತ್ತೆ ಎಳೆದು ಅಂದರೆ ನಾನು ಉಪ್ಪಿನ ಡಬ್ಬಿ ಮುಂದಿಡ್ತೀನಿ. ತಂಗಿ, ಅಜ್ಜಿ ಹೇಗೆ ಅಂದರು? ಅದಕ್ಕಿಂತ ಹೆಚ್ಚಾಗಿ, ಡಬ್ಬಿ ವಾಪಸ್ ಬಂತಾ? ನಮ್ಮ ಕಡೆ ಖಾಲಿ ಡಬ್ಬಿ ಕೊಡೋದಿಲ್ಲ, ಏನಾದರೂ ಹಾಕಿಯೇ ಕೊಡ್ತಾರೆ.

ಮಂಡ್ಯದವಳು:
ಎಳೆಯಲಿಲ್ಲ ಅಕ್ಕ, ತಟ್ಟನೆ ಅಂದರು. ಡಬ್ಬಿ ಇವತ್ತು ಬೆಳಿಗ್ಗೆ ಬಂತು. ತುಂಬ ಶೇಂಗಾ ಹೋಳಿಗೆ, ಮೇಲೆ ಒಂದು ಪೊಟ್ಟಣದಲ್ಲಿ ಗುರೆಳ್ಳು ಚಟ್ನಿ. "ಆ ಅನ್ನ ಮತ್ತ ಯಾವಾಗ ಮಾಡ್ತೀ?" ಅಂತ ಕೇಳಿದರು. ಭಾನುವಾರ ಅಂದೆ. "ಅಡ್ಡಿಯಿಲ್ಲ" ಅಂದರು.