ಅಪ್‌ಡೇಟ್: 14 ತುಂಬಿದ ಮಗನ ಶಾಲೆ ವಿಷಯ

ಹೋದ ತಿಂಗಳು ಕೇಳಿದ್ದೆ ಅಲ್ವಾ, ನಮ್ಮ ವಿಕಲಚೇತನ ಮಗನಿಗೆ 14 ತುಂಬಿತು, ಇನ್ನು ಫ್ರೀ ಇಲ್ಲ, ಫೀಸ್ ಕಟ್ಟಿ ಅಂತ ಶಾಲೆಯಲ್ಲಿ ಹೇಳಿದ್ದಾರೆ, ಏನು ಮಾಡೋದು ಅಂತ. ಬಗೆಹರಿಯಿತು.

14 ಅನ್ನೋದು ಆರ್‌ಟಿಇ, ಅಂದರೆ ಎಲ್ಲ ಮಕ್ಕಳಿಗೂ ಇರುವ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ. ನಮ್ಮವನ ಯುಡಿಐಡಿ ಕಾರ್ಡಿನಲ್ಲಿ (ವಿಕಲಚೇತನರ ಗುರುತಿನ ಚೀಟಿ) ಅಂಗವಿಕಲತೆ ಶೇಕಡಾ 60 ಅಂತಿದೆ. 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ನಾವೇ ಆರಿಸಬಹುದು. ಅದನ್ನೇ ಪ್ರಿಂಟ್ ಹಾಕಿಸಿ ಹೆಡ್‌ಮಾಸ್ಟರ್ ಮುಂದೆ ಇಟ್ಟೆ. ಅವರಿಗೂ ಗೊತ್ತಿರಲಿಲ್ಲವಂತೆ! ಸುಮ್ನೆ ಒಂದು ತಿಂಗಳು ನಿದ್ದೆ ಕೆಡಿಸಿಕೊಂಡೆ.

ದುಡ್ಡಿನ ವಿಷಯದಲ್ಲಿ ಮಾತ್ರ ತಪ್ಪು ತಿಳಿದಿದ್ದು ನಾನೇ. ಸರ್ಕಾರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಇಂಥ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಅಂದರೆ ಅದು ನಮ್ಮ ಕೈಗೆ ಬರುವ ದುಡ್ಡಲ್ಲ, ಸಲಕರಣೆ, ಪುಸ್ತಕ, ಥೆರಪಿ ಅಂತ ಖರ್ಚಾಗುತ್ತದೆ. ವಿಕಲಚೇತನ ಹೆಣ್ಣುಮಕ್ಕಳಿದ್ದರೆ ತಿಂಗಳಿಗೆ 200ರಂತೆ 10 ತಿಂಗಳು ಸ್ಟೈಪೆಂಡ್ ಬೇರೆ ಇದೆ, ಕೇಳಿ ನೋಡಿ.

ಮಾತಿನ ಥೆರಪಿಗೆ ಮಂಡ್ಯದಿಂದ ಮೈಸೂರಿನ ಆಯಿಷ್‌ಗೆ (ವಾಕ್ ಶ್ರವಣ ಸಂಸ್ಥೆ) ಓಡಾಟ ಇದ್ದೇ ಇದೆ. ಮಗನಿಗೆ ಅದೇ ಖುಷಿ, ರೈಲಿನಲ್ಲಿ ಕಿಟಕಿ ಸೀಟು ಸಿಗುತ್ತದಲ್ಲ.