ಸ್ಟೀಮ್ ಟ್ರ್ಯಾಪ್ ಬಗ್ಗೆ ಸಹಾಯ ಬೇಕು

ಬಾಯ್ಲರ್ ಕೆಲಸ ಗೊತ್ತಿರುವವರು ಸ್ವಲ್ಪ ನೋಡಿ. ಸ್ಟೀಮ್ ಟ್ರ್ಯಾಪ್ ಅಂದರೆ ಆವಿಯನ್ನು ತಡೆದು, ಅದು ತಣಿದು ಆದ ನೀರನ್ನು ಮಾತ್ರ ಹೊರಬಿಡುವ ವಾಲ್ವ್. ನಮ್ಮ ಹಾಸ್ಟೆಲ್ ಅಡುಗೆಮನೆಯ ಸಾಂಬಾರ್ ಪಾತ್ರೆ, ಸ್ಟೀಮ್ ಜಾಕೆಟ್ (ಆವಿ ತುಂಬುವ ಹೊರಗೋಡೆ) ಇರುವುದು, ಕುದಿಯಲು ಈಗ ತುಂಬಾ ಹೊತ್ತು ಹಿಡಿಯುತ್ತಿದೆ. ಗೇಜ್ 3 ಬಾರ್ ತೋರಿಸುತ್ತದೆ, ಅಂದರೆ ಒಳಗಿನ ಆವಿ ಸುಮಾರು 144 ಡಿಗ್ರಿ ಇರಬೇಕು ಅಲ್ವಾ, ಆದರೆ ಜಾಕೆಟ್‌ನ ಮೇಲ್ಭಾಗ ಮಾತ್ರ ಸುಡುತ್ತದೆ, ತಳ ಕೈಯಿಟ್ಟು ಮುಟ್ಟುವಷ್ಟು ತಣ್ಣಗಿದೆ. ಟ್ರ್ಯಾಪ್ ದಾಟಿಸಿ ನೀರು ಬಿಡುವ ಬೈಪಾಸ್ ವಾಲ್ವ್ ತೆರೆದರೆ ಒಂದಷ್ಟು ನೀರು ಭುಸ್ ಅಂತ ಬರುತ್ತದೆ, ಆಮೇಲೆ ಬೇಗ ಕುದಿಯುತ್ತದೆ. ಈಗಿರುವುದು ಥರ್ಮೋಡೈನಮಿಕ್ ಟ್ರ್ಯಾಪ್ (ಒಳಗಿನ ಡಿಸ್ಕ್ ಎದ್ದು ಕೂತು ತೆರೆದು ಮುಚ್ಚುವುದು). ಅದರ ನಂತರ ಕಂಡೆನ್ಸೇಟ್ (ಆವಿ ತಣಿದು ಆದ ನೀರು) ಹೋಗುವ ಪೈಪು ಸುಮಾರು 5 ಮೀಟರ್ ಮೇಲಕ್ಕೆ ಹತ್ತುತ್ತದೆ, ಅಲ್ಲೇ ಅರ್ಧ ಬಾರ್ ಬ್ಯಾಕ್ ಪ್ರೆಶರ್, ಅಂದರೆ ಟ್ರ್ಯಾಪ್ ಕಡೆಗೆ ಹಿಂದಕ್ಕೆ ತಳ್ಳುವ ಒತ್ತಡ. ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ಕ್ಲೀನ್ ಮಾಡಿಸಿ ಆಗಿದೆ. ಬಾಲ್ ಫ್ಲೋಟ್ ಟ್ರ್ಯಾಪ್ (ತೇಲುವ ಚೆಂಡಿನಿಂದ ತೆರೆಯುವುದು) ಹಾಕಿದರೆ ಸಾಕಾ, ಜಾಕೆಟ್‌ಗೆ ಒಳಗಿನ ಗಾಳಿ ಹೊರಬಿಡುವ ಏರ್ ವೆಂಟ್ ಬೇರೆ ಬೇಕಾ? ಸುಮ್ನೆ ದೊಡ್ಡ ಬಾಯ್ಲರ್ ತೆಗೆದುಕೊಳ್ಳಿ ಅನ್ನುತ್ತಾರೆ ಮಾರುವವರು, ನನಗೇನೋ ನಂಬಿಕೆ ಇಲ್ಲ. ಟ್ರ್ಯಾಪ್ ಸೈಜ್ ಹೇಗೆ ಆರಿಸಬೇಕು, ಮಾಡಿದವರು ತಿಳಿಸಿ.